ಗೇಟಿನಲ್ಲಿ ಸುರಿದ ಸೀಮೆಎಣ್ಣೆ

ನನಗೆ ಅಸಹ್ಯ ಬೇಗ ಹುಟ್ಟುತ್ತದೆ. ನರ್ಸ್ ಆದವಳು ಹೀಗೆ ಹೇಳಬಾರದು, ಆದರೆ ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನು ಮಾಡಲಿ. ಕೀವು, ವಾಂತಿ, ಹೇಸಿಗೆ ಎಲ್ಲವನ್ನೂ ಈ ಕೈಗಳಿಂದ ಬಳಿದಿದ್ದೇನೆ. ಒಂದು ದಿನವೂ ಅದು ನನಗೆ ಒಗ್ಗಲಿಲ್ಲ. ಮುಖ ಗಂಟು ಹಾಕದೆ ಕೆಲಸ ಮಾಡುವುದನ್ನು ಕಲಿತೆ, ಅಷ್ಟೇ. ಆ ಎಲ್ಲ ವಾಸನೆಗಳಲ್ಲಿ ಮೊದಲ ಸ್ಥಾನ ಗರುಡಫಲದ ಎಣ್ಣೆಗೆ ಕೊಡುತ್ತೇನೆ. ಬೆಣ್ಣೆಯ ಡಬ್ಬಿಯಲ್ಲಿ ಇಲಿ ಸತ್ತು ವಾರವಾದರೆ ಹೇಗಿರುತ್ತದೋ ಹಾಗೆ. ಬೀದರಿನ ಮಿಶನ್ ಆಸ್ಪತ್ರೆಯ ಔಷಧ ಕೋಣೆಯಲ್ಲಿ ಆ ಎಣ್ಣೆಯ ಡಬ್ಬಿಗಳ ಸಾಲು ಇತ್ತು, ಮತ್ತು ಆ ಕೋಣೆಯ ಜವಾಬ್ದಾರಿ ನನ್ನದಾಗಿತ್ತು.

ಕುಷ್ಠರೋಗಕ್ಕೆ ಆಗ ನಮ್ಮ ಕೈಯಲ್ಲಿದ್ದ ಮದ್ದು ಅದೊಂದೇ. ಆದರೆ ಎಣ್ಣೆಯನ್ನು ಹಾಗೆಯೇ ಸೂಜಿಯಲ್ಲಿ ಹಾಕಿದರೆ ಕಾಕಂಬಿಯ ಹಾಗೆ ಮಂದವಾಗಿ ಚರ್ಮದ ಕೆಳಗೆ ಗಂಟು ಕಟ್ಟುತ್ತದೆ, ರೋಗಿ ಕಿರುಚುತ್ತಾನೆ. ಅದನ್ನು ತೆಳ್ಳಗಿನ ಔಷಧವಾಗಿ ಮಾರ್ಪಡಿಸಬೇಕು. ಮಾಡುವ ರೀತಿ ದೊಡ್ಡ ಡಾಕ್ಟರಮ್ಮನ ನೋಟ್‌ಬುಕ್ಕಿನಲ್ಲಿತ್ತು. ಎಣ್ಣೆಯನ್ನು ಸೋಸಿ, ಅದಕ್ಕೆ ನೀರಿನ ಅಂಶವಿಲ್ಲದ ಮದ್ಯಸಾರ ಮತ್ತು ಗಂಧಕದ ಆಮ್ಲ ಸೇರಿಸಿ, ಬಿಸಿನೀರಿನ ಹಂಡೆಯಲ್ಲಿ ಇಡೀ ಹಗಲು ಕಾಯಿಸಬೇಕು. ಉಳಿದ ಮದ್ಯಸಾರವನ್ನು ಬಟ್ಟಿ ಇಳಿಸಿ ವಾಪಸ್ ತೆಗೆಯಬೇಕು. ಮೇಲೆ ತೇಲುವ ಔಷಧವನ್ನು ಸೋಡಾ ನೀರಿನಲ್ಲೂ ಬರಿ ನೀರಿನಲ್ಲೂ ಆಮ್ಲ ಹೋಗುವವರೆಗೆ ತೊಳೆಯಬೇಕು. ಒಣಗಿಸಿ, ನೋವು ತಗ್ಗಲೆಂದು ಸ್ವಲ್ಪ ಕ್ರಿಯೊಸೋಟ್ ಎಂಬ ಮರದ ಎಣ್ಣೆ ಬೆರೆಸಿ, ಕುದಿಸಿ, ಬಾಟಲಿಗೆ ತುಂಬಬೇಕು. ಒಂದು ಹಂತದಲ್ಲಿ ಉಳಿದ ಹೊಲಸು ಮುಂದಿನ ಹಂತಕ್ಕೆ ಹೋಗುತ್ತದೆ, ಕೊನೆಗೆ ಮನುಷ್ಯನ ಮಾಂಸಕ್ಕೆ ಹೋಗುತ್ತದೆ ಎಂದು ಆಕೆ ಪುಟದ ತುದಿಯಲ್ಲಿ ಬರೆದಿದ್ದರು. ಅದನ್ನು ನಾನು ಬಾಯಿಪಾಠ ಮಾಡಿದ್ದೆ. ಬಾಯಿಪಾಠ ಮಾತ್ರ ಮಾಡಿದ್ದೆ ಎಂದು ಈಗ ಹೇಳಬಲ್ಲೆ.

ಅಲ್ಲಿಯವರೆಗೆ ತಯಾರಾದ ಔಷಧವೇ ಮದ್ರಾಸಿನ ಕಡೆಯಿಂದ ಬರುತ್ತಿತ್ತು. ಪೊಲೀಸ್ ಆ್ಯಕ್ಷನ್‌ಗೆ ಮುಂಚಿನ ಆ ವರ್ಷ ನಿಜಾಮರ ರಾಜ್ಯಕ್ಕೆ ಹೊರಗಿನಿಂದ ಸಾಮಾನು ಬರುವುದು ನಿಂತುಹೋಯಿತು. ಒಳಗೆ ರಜಾಕಾರರು, ಹೊರಗೆ ತಡೆ. ಉಪ್ಪು, ಸೀಮೆಎಣ್ಣೆ, ಔಷಧ ಯಾವುದೂ ಸರಿಯಾಗಿ ಸಿಗುತ್ತಿರಲಿಲ್ಲ. ಡಾಕ್ಟರಮ್ಮ ಕಾಯಿಲೆಬಿದ್ದು ಹೈದರಾಬಾದಿಗೆ ಹೋದರು. ಹೋಗುವಾಗ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, ಒಂದು ಹನಿಯೂ ಹಾಳಾಗದಂತೆ ನೋಡಿಕೋ ಎಂದರು. ಆ ಮಾತನ್ನು ಮಾತ್ರ ನಾನು ಚಾಚೂ ತಪ್ಪದೆ ಪಾಲಿಸಿದೆ. ಮದ್ಯಸಾರವನ್ನು ಎಷ್ಟು ಸಲ ವಾಪಸ್ ತೆಗೆದು ಮತ್ತೆ ಬಳಸಿದೆನೆಂದರೆ, ಹಳೆಯದು ಎಷ್ಟು ಹೊಸದು ಎಷ್ಟು ಎಂದು ಹೇಳಲಾಗದ ಹಾಗಾಗಿತ್ತು. ಅದೇ ನನ್ನ ಹೆಮ್ಮೆ.

ಮದ್ಯಸಾರ ಎಲ್ಲಿಂದ? ಸೆರೆ ಮಾರುವ ಕಲಾಲರ ಅಂಗಡಿಯಿಂದ. ಇಪ್ಪೆ ಹೂವಿನ ಸೆರೆಯನ್ನು ಪರವಾನಗಿ ತೋರಿಸಿ ಗಾಜಿನ ಬುರುಡೆಯಲ್ಲಿ ತರಿಸಿ, ಎರಡು ಸಲ ಬಟ್ಟಿ ಇಳಿಸಿ, ಸುಟ್ಟ ಸುಣ್ಣದ ಮೇಲೆ ಒಂದು ದಿನ ನಿಲ್ಲಿಸಿ ನೀರು ಹೀರಿಸಿ, ಮತ್ತೆ ಬಟ್ಟಿ ಇಳಿಸುವುದು. ಇಲ್ಲಿಯೇ ನನ್ನ ಕಥೆ ಕೆಡುವುದು.

ನಾನು ಹುಟ್ಟಿದ್ದು ಔರಾದದಲ್ಲಿ. ನಮ್ಮ ಅಪ್ಪ ಕುಡುಕ. ಆತ ಕುಡಿದು ಬಂದು ಚಾಪೆಯ ಮೇಲೆ ಕಕ್ಕಿದ್ದನ್ನು ಒರೆಸುವ ಪಾಳಿ ಹಿರಿಯ ಮಗಳಾದ ನನ್ನದು. ಒರೆಸುತ್ತಿದ್ದರೆ ಆತ ಪಕ್ಕದಲ್ಲಿ ಮಲಗಿ ನಗುತ್ತಿದ್ದ. ಇಪ್ಪೆ ಹೂವಿನ ಆ ಸಿಹಿ ಕೊಳೆತ ವಾಸನೆ ನನ್ನ ಗಂಟಲಿನಿಂದ ಇವತ್ತಿಗೂ ಹೋಗಿಲ್ಲ. ನಮ್ಮ ಅವ್ವ ಚರ್ಚಿಗೆ ಸೇರಿದ್ದೇ ಅಲ್ಲಿ ಸೆರೆ ಬಿಡುವ ಆಣೆ ಇಡಿಸುತ್ತಾರೆ ಎಂದು. ನಮ್ಮ ಚರ್ಚಿನ ಪದ್ಧತಿ ಅದು: ವರ್ಷಕ್ಕೊಮ್ಮೆ ಎಲ್ಲರೂ ಎದ್ದು ನಿಂತು ಬಲಗೈ ಎತ್ತಿ, ಮುಟ್ಟುವುದಿಲ್ಲ, ಮನೆಯಲ್ಲಿ ಇಡುವುದಿಲ್ಲ, ಇನ್ನೊಬ್ಬರಿಗೆ ಕೊಡುವುದಿಲ್ಲ ಎಂದು ಹೇಳಬೇಕು. ಅಪ್ಪ ಒಂದು ಸಲವೂ ಎದ್ದು ನಿಲ್ಲಲಿಲ್ಲ. ನಾನು ಒಂದು ಸಲವೂ ಕೂತಿರಲಿಲ್ಲ.

ಈಗ ಅದೇ ಸೆರೆ ನನ್ನ ಹೆಸರಿನ ಪರವಾನಗಿಯಲ್ಲಿ, ಹಾಡುಹಗಲು, ಮಿಶನ್ ಗೇಟಿನೊಳಗೆ ಬರುತ್ತಿತ್ತು. ಮೊದಲ ಬುರುಡೆ ಬಂದ ಭಾನುವಾರ ಚರ್ಚ್ ಬಿಟ್ಟು ಬರುತ್ತಿದ್ದವರೆಲ್ಲ ನಿಂತು ನೋಡಿದರು. ಒಬ್ಬ ಹಿರಿಯರು ಮೆಲ್ಲಗೆ ಕೇಳಿದರು: "ಇದರ ಕಾವಲು ಯಾರರಿ, ಸಿಸ್ಟರ್? ಆಸ್ಪತ್ರ್ಯಾಗ ಬಾಯಿ ಚಪಲದ ಮಂದಿ ಇಲ್ಲೇನ್ರಿ?" ನನಗೆ ಮೈಯೆಲ್ಲ ಉರಿಯಿತು. ಕಾವಲುಗಾರನ ಕಂದೀಲು ಅಲ್ಲೇ ಇತ್ತು. ಅದರ ಮುಚ್ಚಳ ತಿರುವಿ, ಹೊಟ್ಟೆಯಲ್ಲಿದ್ದ ಸೀಮೆಎಣ್ಣೆಯನ್ನೆಲ್ಲ ಆ ಬುರುಡೆಗೆ ಸುರಿದೆ.

"ಈಗ ಯಾರು ಕುಡೀತಾರ, ನೋಡ್ತೇನಿ," ಎಂದೆ.

ಆ ದಿನಗಳಲ್ಲಿ ಸೀಮೆಎಣ್ಣೆ ಬಂಗಾರವಿದ್ದ ಹಾಗೆ. ಪಕ್ಕದ ಚಿದ್ರಿ ಊರಿನ ಮನೆಗಳಲ್ಲಿ ಕತ್ತಲಾಗುವ ಮೊದಲೇ ಉಂಡು ಮಲಗುತ್ತಿದ್ದರು. ನಾನು ದೀಪದ ಎಣ್ಣೆಯನ್ನೇ ತ್ಯಾಗ ಮಾಡಿದೆನೆಂದು ಹೆಂಗಸರು ಹೊಗಳಿದರು. ಒಬ್ಬಾಕೆ ಕಣ್ಣೀರು ಸಹ ಹಾಕಿದಳು. ಅಂದಿನಿಂದ ಅದು ರೂಢಿಯಾಯಿತು. ಪ್ರತಿ ಬುರುಡೆಯೂ ಗೇಟಿನಲ್ಲಿ ನಿಲ್ಲಬೇಕು, ನಾನು ಎಲ್ಲರ ಮುಂದೆ ಸೀಮೆಎಣ್ಣೆ ಸುರಿಯಬೇಕು, ಆಮೇಲೆ ಅದು ಒಳಗೆ ಹೋಗಬೇಕು. ನನ್ನ ಆ ಮುಖ, ಗಲ್ಲ ಎತ್ತಿಕೊಂಡು ನಿಂತ ಆ ಮುಖ ನೆನಪಾದರೆ ಈಗ ಒಂದು ಏಟು ಹಾಕಬೇಕೆನಿಸುತ್ತದೆ.

ಔಷಧ ಕೋಣೆಯಲ್ಲಿ ನನ್ನ ಕೈಕೆಳಗೆ ಒಬ್ಬ ಮುದುಕ ಕಂಪೌಂಡರ್ ಇದ್ದರು. ಬೀದರ ಕೋಟೆಯ ಹತ್ತಿರದ ಮುಸ್ಲಿಂ ಮನೆತನ, ಚಿಕ್ಕಂದಿನಲ್ಲಿ ಹಕೀಮರ ಬಳಿ ಮೂಲಿಕೆಗಳ ಅರಕು ಬಟ್ಟಿ ಇಳಿಸುವುದು ಕಲಿತವರು. ಬುರುಡೆಯ ಬಿರಡೆ ತೆಗೆದು ಮೂಸಿ, ಅವರು ಅದನ್ನು ಮತ್ತೆ ಬಿಗಿಯಾಗಿ ಹಾಕಿದರು.

"ದಾರು ನಾನೂ ಮುಟ್ಟಂಗಿಲ್ರಿ, ಸಿಸ್ಟರ್," ಎಂದರು. "ಖರೆ, ಇದು ದವಾಕ್ಕ ತಂದದ್ದರಿ. ಎಣ್ಣಿ ಎಣ್ಣಿಗಿ ಕೂಡ್ತದ, ನೀರಾಗ ತೊಳದ್ರ ಹೋಗಂಗಿಲ್ರಿ."

"ಬಟ್ಟಿ ಇಳಸ್ತೀವಲ್ರಿ. ಮದ್ಯಸಾರ ಮೊದಲ ಏರ್ತದ, ಸೀಮೆಎಣ್ಣಿ ತಳದಾಗ ಉಳೀತದ. ಪುಸ್ತಕ ಓದೀನಿ ನಾ."

"ಎಲ್ಲಾ ಉಳಿಯಂಗಿಲ್ರಿ. ಸ್ವಲ್ಪ ಕೂಡೇ ಬರ್ತದ."

"ನಿಮ್ಮ ಹಕೀಮಗಿರಿ ಇಲ್ಲಿ ಬ್ಯಾಡ್ರಿ," ಎಂದೆ. ಅವರು ಬುರುಡೆ ಎತ್ತಿಕೊಂಡು ಬಟ್ಟಿಯ ಕಡೆ ಹೋದರು. ನನಗಿಂತ ಮೂವತ್ತು ವರ್ಷ ದೊಡ್ಡವರು. ಬಾಯಿ ಮುಚ್ಚಿಸಿದೆನಲ್ಲ ಎಂದು ಆಗ ಸಮಾಧಾನವಾಗಿತ್ತು.

ಔಷಧ ಚೆನ್ನಾಗಿಯೇ ಕಾಣುತ್ತಿತ್ತು. ತೆಳ್ಳಗೆ, ತಿಳಿಯಾಗಿ, ಜೇನಿನ ಬಣ್ಣದಲ್ಲಿ. ಕ್ರಿಯೊಸೋಟಿನ ಹೊಗೆ ವಾಸನೆ ಎಷ್ಟು ಗಡುಸೆಂದರೆ ಬೇರೆ ಯಾವ ವಾಸನೆಯೂ ಅದನ್ನು ದಾಟಿ ಮೂಗಿಗೆ ಬರುವಂತಿರಲಿಲ್ಲ. ವಾರಕ್ಕೊಮ್ಮೆ ಆ ಬಾಟಲಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲಿನಲ್ಲಿ ಭಾಲ್ಕಿಗೆ ಹೋಗುತ್ತಿದ್ದೆ. ಸ್ಟೇಷನ್ನಿನಿಂದ ಸ್ವಲ್ಪ ದೂರ, ಊರಿನವರಿಗೆ ತೊಂದರೆಯಾಗದ ಹಾಗೆ, ಒಂದು ಬೇವಿನ ಮರದ ಕೆಳಗೆ ನಮ್ಮ ದವಾಖಾನೆ. ಊರಿನವರು ಮೂಗಿಗೆ ಸೆರಗು ಹಿಡಿದು ಸುತ್ತಿಬಳಸಿ ಹೋಗುತ್ತಿದ್ದರು. ಅವರನ್ನು ನೋಡಿ ನನಗೆ ಹೇಸಿಗೆ ಅನಿಸುತ್ತಿತ್ತು. ರೋಗಿಗಳ ಹುಣ್ಣು ನೋಡಿಯೂ ಅನಿಸುತ್ತಿತ್ತು. ವ್ಯತ್ಯಾಸ ಒಂದೇ, ಎರಡನೆಯದನ್ನು ಮುಚ್ಚಿಡುತ್ತಿದ್ದೆ.

ಅಲ್ಲಿಗೆ ಸಾಯಗಾಂವದಿಂದ ಒಬ್ಬ ಹೆಣ್ಣುಮಗಳು ನಡೆದು ಬರುತ್ತಿದ್ದಳು. ಕುರಿ ಸಾಕುವ ಮನೆಯವಳು, ನನ್ನದೇ ವಯಸ್ಸು. ಬೆನ್ನಿನ ಮೇಲೆ ಮುಟ್ಟಿದರೆ ತಿಳಿಯದ ರೋಗದ ಒಂದು ಬಿಳಿ ಮಚ್ಚೆ, ಮೊಣಕೈ ಹತ್ತಿರ ಒಂದು. ಬೆರಳು ಇನ್ನೂ ನೆಟ್ಟಗಿದ್ದವು. ಆಗಲೇ ಹಿಡಿದರೆ ಕೈ ಉಳಿಯುತ್ತಿತ್ತು, ಕೈ ಉಳಿದರೆ ಮನೆ ಉಳಿಯುತ್ತಿತ್ತು. ಹಾಲು ಕರೆಯುವುದು, ಉಣ್ಣೆ ನೂಲುವುದು, ಮಕ್ಕಳಿಗೆ ರೊಟ್ಟಿ ಬಡಿಯುವುದು ಎಲ್ಲ ಆಕೆಯದೇ. ಅತ್ತೆ ಮಚ್ಚೆ ನೋಡಿಯೂ ಸುಮ್ಮನಿದ್ದಳಂತೆ. "ಸೂಜಿ ಹಾಕಿಸ್ಕೊಂಡು ಬಾ, ಕೈ ನಡೀತಿರೋ ತನಕ ಒಳಗಿರು" ಎಂದಿದ್ದಳಂತೆ. ನಾನು ಆಕೆಗೆ ಮಾತು ಕೊಟ್ಟೆ: ಒಂದು ವಾರವೂ ತಪ್ಪಿಸಬೇಡ, ನಿನ್ನ ಕೈ ನಾನು ಉಳಿಸುತ್ತೇನೆ.

ಆಕೆ ತಪ್ಪಿಸಲಿಲ್ಲ. ರೈಲು ತಡವಾಗಿ ನಾನು ಮಧ್ಯಾಹ್ನಕ್ಕೆ ಹೋದ ದಿನವೂ ಬೇವಿನ ಬುಡದಲ್ಲಿ ಕೂತಿರುತ್ತಿದ್ದಳು. ಸೊಂಟಕ್ಕೆ ಸೂಜಿ ಚುಚ್ಚಿದರೆ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಆಮೇಲೆ ಸೆರಗಿನಲ್ಲಿ ಕಟ್ಟಿ ತಂದ ಉಣ್ಣೆಯ ನೂಲಿನ ಉಂಡೆಯನ್ನು ನನಗೆ ಕೊಡಲು ಬರುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಬೇಡ ಎಂದು ಒಳ್ಳೆಯ ಮಾತಿನಲ್ಲೇ ಹೇಳುತ್ತಿದ್ದೆ, ಆದರೆ ಕೈ ಹಿಂದಕ್ಕೆ ಹೋಗುವುದನ್ನು ಆಕೆ ನೋಡುತ್ತಿದ್ದಳು.

ಎರಡನೆಯ ತಿಂಗಳಲ್ಲಿ ಹಲವರಿಗೆ ಸೂಜಿ ಚುಚ್ಚಿದ ಜಾಗ ಊದತೊಡಗಿತು. ಮೊದಲು ಗಟ್ಟಿ ಗಂಟು, ಆಮೇಲೆ ಕೆಂಪು, ಆಮೇಲೆ ಒಡೆದು ಕೀವು. ಈ ಔಷಧಕ್ಕೆ ಅಲ್ಲೊಂದು ಇಲ್ಲೊಂದು ಹೀಗಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲೂ ಇತ್ತು. ಅಲ್ಲೊಂದು ಇಲ್ಲೊಂದಲ್ಲ, ಸಾಲಾಗಿ ಬಂದರು. ಸಾಯಗಾಂವದಾಕೆಯ ಸೊಂಟದಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಬಾವು. ಸೀಳಿದೆ. ಬಂದ ನಾತಕ್ಕೆ ನಾನು ಎದ್ದುಹೋಗಿ ಮರದ ಹಿಂದೆ ವಾಂತಿ ಮಾಡಿ ಬಂದೆ.

"ಸಿಸ್ಟರಮ್ಮ," ಎಂದಳು ಆಕೆ, ಬೋರಲು ಮಲಗಿದಲ್ಲಿಂದಲೇ. "ನನ್ನ ಕೀವಿಗಿ ಘಾಸಲೇಟ್ ಎಣ್ಣಿ ವಾಸನಿ ಬರ್ತದರಿ. ಯಾಕರಿ?"

ಕುರಿಗೆ ಗಾಯವಾಗಿ ಹುಳ ಬಿದ್ದರೆ ಕುರುಬರು ಘಾಸಲೇಟ್, ಅಂದರೆ ಸೀಮೆಎಣ್ಣೆ, ಹಚ್ಚುತ್ತಾರೆ. ಅದು ಆ ಕಡೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನನಗೆ ತಕ್ಷಣ ಹೊಳೆದದ್ದೂ ಅದೇ.

"ಕುರಿಗಿ ಹಚ್ಚೋದು ತಂದು ಮೈಗಿ ಹಚ್ಕೊಂಡಿ ಏನು? ಮನುಷ್ಯಾಳ ಇದ್ದಿಯೋ ಕುರಿ ಇದ್ದಿಯೋ? ಹಿಂಗ ಹೊಲಸು ಮಾಡಿಕೊಂಡ್ರ ನಾ ಹ್ಯಾಂಗ ಉಳಸ್ಲಿ?"

"ಇಲ್ರಿ. ಹಚ್ಚಿಲ್ರಿ. ಮನ್ಯಾಗ ದೀಪಕ್ಕೇ ಇಲ್ರಿ," ಎಂದಳು.

ನಾನು ನಂಬಲಿಲ್ಲ. ಉಳಿದ ರೋಗಿಗಳ ಮುಂದೆ ಆಕೆಯನ್ನು ಬೈದೆ. ಬೈದು, ಅದೇ ಬಾಟಲಿಯಿಂದ ಸೂಜಿ ತುಂಬಿ, ಇನ್ನೊಂದು ಮಗ್ಗುಲಿಗೆ ಚುಚ್ಚಿದೆ.

ಬೀದರಿಗೆ ವಾಪಸ್ ಬಂದು ಕಂಪೌಂಡರನ್ನು ಹಿಡಿದೆ. ಆಮ್ಲ ಪೂರ್ತಿ ಹೋಗಿಲ್ಲ, ನೀವು ಸರಿಯಾಗಿ ತೊಳೆದಿಲ್ಲ ಎಂದೆ. ಅವರು ಬಣ್ಣದ ಕಾಗದ ಅದ್ದಿ ತೋರಿಸಿದರು. ಆಮ್ಲದ ಗುರುತೇ ಇಲ್ಲ. ಆದರೂ ಏಳು ಸಲ ತೊಳೆಸಿದೆ. ಬಾವಿಯಿಂದ ನೀರು ಸೇದಿ, ಕಾಯಿಸಿ, ಆ ಮುದುಕ ಬೆನ್ನು ಬಾಗಿಸಿಕೊಂಡು ಏಳು ಸಲ ತೊಳೆದರು. ಪ್ರತಿ ಸಲವೂ ಸ್ವಲ್ಪ ಔಷಧ ನೀರಿನ ಜೊತೆ ಹೋಯಿತು, ಅದಕ್ಕೂ ಅವರನ್ನೇ ಬೈದೆ. ಏಳು ಸಲ ತೊಳೆದದ್ದೂ ಭಾಲ್ಕಿಯಲ್ಲಿ ಬಾವು ತಂದಿತು. ಕಂಪೌಂಡರನ ಕೈ ಶುದ್ಧವಿಲ್ಲ, ಬದಲಿಸಬೇಕು ಎಂದು ಹೈದರಾಬಾದಿಗೆ ಪತ್ರ ಬರೆದೆ. ಅವರು ಅಂಥ ಪತ್ರ ಹೋಗಿದೆ ಎಂದು ತಿಳಿದೂ ಮರುದಿನ ಸರಿಯಾದ ಹೊತ್ತಿಗೆ ಬಂದು, ಬಟ್ಟಿಯ ಒಲೆ ಹಚ್ಚಿದರು.

ಆಮೇಲೆ ಸಾಯಗಾಂವದಾಕೆ ಬರುವುದು ನಿಂತಿತು. ಒಂದು ವಾರ, ಎರಡು ವಾರ. ಬೇವಿನ ಬುಡದ ಆಕೆಯ ಜಾಗದಲ್ಲಿ ಯಾರೂ ಕೂರಲಿಲ್ಲ. ಹೇಳಿದ ಮಾತು ಕೇಳದ ಜನ, ಇವರಿಗಾಗಿ ಯಾಕೆ ಸಾಯಬೇಕು ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಸೈನ್ಯ ಬಂತು. ಲಾರಿಗಳ ಧೂಳು ಕೆಲವು ದಿನಗಳಲ್ಲಿ ಇಳಿಯಿತು, ಅದರ ಹಿಂದೆ ಬಂದದ್ದು ಬೇಗ ಇಳಿಯಲಿಲ್ಲ. ನೆರೆಯವರು ನೆರೆಯವರಿಗೆ, ಹೆಚ್ಚಾಗಿ ಮುಸ್ಲಿಂ ಮನೆಗಳಿಗೆ, ಮಾಡಿದ್ದನ್ನು ನಾನು ಆಸ್ಪತ್ರೆಯ ಬಾಗಿಲಲ್ಲಿ ನೋಡಿದೆ. ಅದನ್ನು ಹೇಳುವ ಧೈರ್ಯ ನನಗಿಲ್ಲ. ಮನುಷ್ಯಜಾತಿಯ ಮೇಲೆಯೇ ವಾಕರಿಕೆ ಬಂದ ದಿನಗಳು ಅವು. ಕಂಪೌಂಡರ್ ಒಂದು ಬೆಳಿಗ್ಗೆ ಬೀಗದ ಕೈಗಳನ್ನು ತಂದು ಮೇಜಿನ ಮೇಲಿಟ್ಟು, "ಮಕ್ಕಳನ್ನ ಕರಕೊಂಡು ಹೋಗ್ತೇನ್ರಿ, ಸಿಸ್ಟರ್" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅದೇ ವಾರ ಸೂಜಿಗಳನ್ನು ಕುದಿಸಲು ಸೌದೆ ಸಾಲದೆ, ವಾಪಸ್ ತೆಗೆದಿಟ್ಟ ಮದ್ಯಸಾರವನ್ನು ಸ್ಪಿರಿಟ್ ದೀಪಕ್ಕೆ ತುಂಬಿದೆ. ಶುದ್ಧ ಮದ್ಯಸಾರದ ಉರಿ ನೀಲಿ ಇರುತ್ತದೆ, ಹಗಲಿನಲ್ಲಿ ಕಾಣುವುದೇ ಕಷ್ಟ, ಪಾತ್ರೆಗೆ ಮಸಿ ಹತ್ತುವುದಿಲ್ಲ. ನನ್ನ ದೀಪ ಹಳದಿಯಾಗಿ ಉರಿಯಿತು. ಹೊಗೆ ಎದ್ದಿತು. ಪಾತ್ರೆ ಇಳಿಸಿ ತಳ ನೋಡಿದೆ: ಕಂದೀಲಿನ ಗಾಜಿನ ಹಾಗೆ ಕರ್ರಗೆ ಮಸಿ. ಬೆರಳಿನಿಂದ ಒರೆಸಿ ಮೂಸಿದೆ.

ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಸೀಮೆಎಣ್ಣೆಯ ಹಗುರಾದ ಭಾಗ ಮದ್ಯಸಾರದ ಜೊತೆಗೇ ಏರಿ ಬಂದಿತ್ತು. ಅದರಲ್ಲಿ ಒಂದಿಷ್ಟು ಔಷಧಕ್ಕೆ ಸೇರಿತ್ತು, ನೀರಿನಲ್ಲಿ ತೊಳೆದರೆ ಹೋಗುವಂಥದ್ದಲ್ಲ. ಇನ್ನೊಂದಿಷ್ಟು ನಾನು ಉಳಿತಾಯವೆಂದು ವಾಪಸ್ ತೆಗೆದ ಮದ್ಯಸಾರದಲ್ಲೇ ಉಳಿದಿತ್ತು. ಅದಕ್ಕೆ ಹೊಸ ಬುರುಡೆ, ಹೊಸ ಸೀಮೆಎಣ್ಣೆ. ಪ್ರತಿ ಸುತ್ತಿಗೂ ಹೊಲಸು ಹೆಚ್ಚುತ್ತ ಹೋಗಿತ್ತು. ನನ್ನ ಭಕ್ತಿ ಅದನ್ನು ಒಳಗೆ ತಂದಿತು, ನನ್ನ ಜಿಪುಣತನ ಅದನ್ನು ಹೊರಗೆ ಹೋಗಗೊಡಲಿಲ್ಲ. ಅಪ್ಪ ಕಕ್ಕಿದ್ದನ್ನು ಒರೆಸಿದ ದಿನವೂ ನನಗೆ ಅಷ್ಟು ಹೇಸಿಗೆಯಾಗಿರಲಿಲ್ಲ. ಆತ ತನ್ನ ಹೊಲಸನ್ನು ಚಾಪೆಯ ಮೇಲೆ ಹಾಕುತ್ತಿದ್ದ, ನಾನು ಜನರ ಮೈಯೊಳಗೆ ಹಾಕಿದ್ದೆ.

ಇದ್ದ ಔಷಧವನ್ನೂ ಮದ್ಯಸಾರವನ್ನೂ ಹೊರಗೆ ಚೆಲ್ಲಿದೆ. ಬಟ್ಟಿಯನ್ನು ಬೂದಿ ಹಾಕಿ ತಿಕ್ಕಿದೆ. ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ನಡೆದದ್ದನ್ನು ಹೇಳಿದೆ. ಹೊಸ ಬುರುಡೆ ಗೇಟಿನಲ್ಲಿ ನಿಲ್ಲುವುದಿಲ್ಲ, ಏನೂ ಬೆರೆಯದೆ ಒಳಗೆ ಬರುತ್ತದೆ, ಅದರ ಮುಂದೆ ನಾನೇ ಕಾವಲು ಮಲಗುತ್ತೇನೆ ಎಂದೆ. ಯಾರೂ ನನ್ನ ಮುಖ ನೋಡಲಿಲ್ಲ. ಹೈದರಾಬಾದಿಗೆ ಇನ್ನೊಂದು ಪತ್ರ ಬರೆದೆ, ಕಂಪೌಂಡರನ ತಪ್ಪೇನೂ ಇರಲಿಲ್ಲ ಎಂದು. ಆ ಮಾತನ್ನು ಅವರಿಗೆ ತಲುಪಿಸಲು ವಿಳಾಸ ಯಾರ ಬಳಿಯೂ ಇರಲಿಲ್ಲ. ಅದು ಇವತ್ತಿಗೂ ತಲುಪಿಲ್ಲ.

ಹೊಸ ಔಷಧ ತಯಾರಾದ ಮೇಲೆ ಭಾಲ್ಕಿಗೆ ಹೋಗಿ, ಅಲ್ಲಿಂದ ಚಕ್ಕಡಿ ಹಿಡಿದು ಸಾಯಗಾಂವಕ್ಕೆ ಹೋದೆ. ಆಕೆ ಮನೆಯಲ್ಲಿ ಇರಲಿಲ್ಲ. ಅತ್ತೆ ಹೊಲದ ಕಡೆ ಕೈ ತೋರಿಸಿದಳು. ಕುರಿದೊಡ್ಡಿಯ ಪಕ್ಕದಲ್ಲಿ ಜೋಳದ ಕಣಿಕೆಯ ಗುಡಿಸಲು, ಅದರ ಮುಂದೆ ಆಕೆ ಕೂತು ನೂಲುತ್ತಿದ್ದಳು. ಬೆರಳು ಇನ್ನೂ ನೆಟ್ಟಗಿದ್ದವು.

"ಮಚ್ಚಿಗಿ ಅಂಜಿ ಹೊರಗ ಹಾಕಿದರೇನು?" ಎಂದೆ.

"ಮಚ್ಚಿಗಿ ಅಲ್ರಿ," ಎಂದಳು. "ನೀವು ಚುಚ್ಚಿದ್ದು ಎರಡೂ ಕಡಿ ಒಡದು ನಾರ್ತಿತ್ರಿ. ರೊಟ್ಟಿ ಬಡದ್ರ ಮಕ್ಕಳು ಉಣ್ತಿರಲಿಲ್ರಿ. ನಾನೇ ಎದ್ದು ಬಂದೇನಿ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಗೇಟು, ಕಂದೀಲು, ಸೆರೆ, ಮಸಿ. ನೂಲುತ್ತಲೇ ಕೇಳಿದಳು. ಹೊಸ ಬಾಟಲಿ ಕೊಡಿ ಎಂದು ಕೈ ಚಾಚಿದಳು. ಬಿರಡೆ ತೆಗೆದು, ಕಣ್ಣು ಮುಚ್ಚಿ, ನಿಧಾನವಾಗಿ ಮೂಸಿದಳು.

"ಕುರಿಗಾದ್ರ ಘಾಸಲೇಟ್ ನಾವು ಮ್ಯಾಲ ಹಚ್ತೀವ್ರಿ," ಎಂದಳು. "ಒಳಗ ಹಾಕಂಗಿಲ್ರಿ."

ಬಾಟಲಿ ವಾಪಸ್ ಕೊಟ್ಟಳು. "ಮೊದಲ ನೀವು ಚುಚ್ಕೊಳ್ರಿ. ನಾ ನೋಡ್ತೇನಿ."

ಸೂಜಿ ತುಂಬಿದೆ. ಔಷಧ ಶುದ್ಧ ಎಂದು ನನಗೆ ಗೊತ್ತಿತ್ತು, ಪ್ರತಿ ಹಂತವನ್ನೂ ನಾನೇ ನಿಂತು ಮಾಡಿದ್ದೆ. ಆದರೂ ಕೈ ತಡೆಯಿತು. ಆ ನಾರುವ ಎಣ್ಣೆ ನನ್ನ ಮೈಯೊಳಗೆ ಹೋಗುವುದೇ ಎಂದು ಸೂಜಿಯನ್ನೇ ನೋಡುತ್ತ ನಿಂತೆ. ಎಷ್ಟು ಜನರಿಗೆ, ಎಷ್ಟು ವಾರ, ಒಂದು ಕ್ಷಣವೂ ತಡೆಯದ ಕೈ ಅದು. ತಡೆದದ್ದನ್ನು ಆಕೆ ನೋಡಿದಳು. ತೊಡೆಗೆ ಚುಚ್ಚಿಕೊಂಡೆ.

"ಎಂಟು ದಿನ ಬಿಟ್ಟು ಬರ್ರಿ," ಎಂದಳು.

ಎಂಟು ದಿನದ ಮೇಲೆ ಹೋಗಿ, ದೊಡ್ಡಿಯ ಮರೆಯಲ್ಲಿ ಸೀರೆ ಸರಿಸಿ ತೊಡೆ ತೋರಿಸಿದೆ. ಆಕೆ ಬಗ್ಗಿ, ಚುಚ್ಚಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನನ್ನ ಮುಖ ನೋಡಿದಳು. ಆಮೇಲೆ ಆ ಬೆರಳನ್ನು ಮೂಗಿಗೆ ಹಿಡಿದು ಮೂಸಿದಳು. ನನ್ನ ಮೈಯನ್ನು ಯಾರೂ ಹಾಗೆ ಮೂಸಿ ನೋಡಿರಲಿಲ್ಲ. ನಾನು ಕದಲದೆ ನಿಂತಿದ್ದೆ.

ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ನನಗೆ ಬೆನ್ನು ಹಾಕಿ ಬೋರಲು ಮಲಗಿದಳು. ಹಳೆಯ ಎರಡು ಕಲೆಗಳನ್ನು ಬಿಟ್ಟು ಚುಚ್ಚಲು ಜಾಗ ಹುಡುಕಿದೆ.